ಹಿಂದಿನಿಂದ ಯಾರನ್ನೂ ಕರೆಯದ ಮೇಸ್ತ್ರಿ

ನನ್ನ ಮೊಮ್ಮಗಳಿಗೆ ಮಾತು ಬಂದಿದೆ. ಬಂದಿದೆ ಅಂದರೆ ಕೆರೆ ಕೋಡಿ ಬಿದ್ದ ಹಾಗೆ ಬಂದಿದೆ. ಬೆಳಿಗ್ಗೆ ಕಣ್ಣು ಬಿಟ್ಟರೆ ‘ಅಜ್ಜೀ’, ಹಾಲು ಕುಡಿದರೆ ‘ಅಜ್ಜೀ’, ಬೀದಿಯಲ್ಲಿ ಸೊಪ್ಪಿನವನು ಬಂದರೆ ಅವನ ಕೂಗಿಗಿಂತ ಮೊದಲು ಇವಳ ಕೂಗು. ಕೊಡಿಗೇಹಳ್ಳಿಯ ನಮ್ಮ ಬೀದಿಯಲ್ಲಿ ಯಾರ ಮನೆಗೆ ಹೋದರೂ ನಾನು ಇವಳ ವಿಷಯವನ್ನೇ ಎತ್ತುತ್ತೇನೆ ಅಂತ ಜನ ನನ್ನನ್ನು ಕಂಡರೆ ಬಾಗಿಲು ಹಾಕಿಕೊಳ್ಳುವ ಹಾಗಾಗಿದೆ. ಹಾಕಿಕೊಳ್ಳಲಿ, ಕಿಟಕಿಯಿಂದ ಹೇಳುತ್ತೇನೆ. ನಿನ್ನೆ ಆಕಾಶದಲ್ಲಿ ವಿಮಾನ ಹೋಗುತ್ತಿದ್ದಾಗ ಅದಕ್ಕೂ ‘ಅಜ್ಜೀ’ ಅಂದಳು. ವಿಮಾನವೂ ನಾನೇ. ಇನ್ನೇನು ಬೇಕು ಹೇಳಿ.

ಆದರೆ ಅವಳು ಹಿಂದಿನಿಂದ ಬಂದು ಕೂಗಿದರೆ ಮಾತ್ರ ನನ್ನ ಎದೆ ಧಸಕ್ಕೆನ್ನುತ್ತದೆ. ಕೈಯಲ್ಲಿ ಏನಿದ್ದರೂ ಕೆಳಗಿಟ್ಟು, ಎರಡೂ ಕೈಯನ್ನು ಸೆರಗಿನೊಳಗೆ ಸೇರಿಸಿ, ಆಮೇಲೆ ತಿರುಗುತ್ತೇನೆ. ಸೊಸೆ ನಗುತ್ತಾಳೆ, ಮಗು ಕೂಗಿದರೆ ಪೊಲೀಸರು ಕೂಗಿದ ಹಾಗೆ ಆಡುತ್ತೀರಲ್ಲ ಅಂತ. ಈ ಭಯ ನನ್ನ ಜೊತೆ ಹುಟ್ಟಿದ್ದಲ್ಲ. ಒಬ್ಬರು ಕಲಿಸಿದ್ದು. ಅವರು ಚಿಂತಾಮಣಿ ಕಡೆಯ ತಮ್ಮ ಊರಿನಲ್ಲಿ, ಮಲಗಿದ್ದಲ್ಲೇ ಹೋದರು ಅಂತ ಮೊನ್ನೆ ಅವರ ಹೆಂಡತಿ ಫೋನು ಮಾಡಿದ್ದಳು. ಅವರ ವಿಷಯ ಹೇಳದೆ ನನ್ನ ಮೊಮ್ಮಗಳ ವಿಷಯ ಹೇಳಿದರೆ ಅರ್ಧ ಹೇಳಿದ ಹಾಗೆ. ಅದಕ್ಕೇ ಬರೆಯಲು ಕೂತಿದ್ದೇನೆ.

ಮನೆ ಕಟ್ಟುವ ಕೆಲಸದಲ್ಲಿ ಸೆಂಟ್ರಿಂಗ್ ಗ್ಯಾಂಗು ಅಂತ ಒಂದಿರುತ್ತದೆ. ಮೋಲ್ಡ್, ಅಂದರೆ ಕಾಂಕ್ರೀಟಿನ ಚಾವಣಿ, ಹಾಕುವ ಮೊದಲು ಹಲಗೆ, ಪ್ಲೈವುಡ್ಡು ಜೋಡಿಸಿ ಅಚ್ಚು ಕಟ್ಟುವವರು. ಕಾಂಕ್ರೀಟು ಗಟ್ಟಿಯಾದ ಮೇಲೆ ಅದನ್ನೆಲ್ಲ ಬಿಚ್ಚುವವರು. ನಮ್ಮ ಗ್ಯಾಂಗಿಗೆ ಅವರು ಮೇಸ್ತ್ರಿ. ನನ್ನ ಮಗ ಮಂಜ ಮರ ಕೊಯ್ಯುವ ಮೆಷಿನ್ನಿನವನು. ನಾನು, ಬಿಚ್ಚಿದ ಹಲಗೆಗಳಿಂದ ಮೊಳೆ ಕೀಳುವವಳು. ಮೂರನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳಿಗೆ ಮೊಳೆ ಕೀಳದೆ ಇನ್ನೇನು ಅನ್ನಬೇಡಿ. ಅದು ಸಣ್ಣ ಕೆಲಸವಲ್ಲ. ಹಲಗೆಯಲ್ಲಿ ಒಂದು ಮೊಳೆ ಉಳಿದು ಅದಕ್ಕೆ ಬ್ಲೇಡು ತಗುಲಿತೋ, ಹಲಗೆ ಎತ್ತು ಒದ್ದ ಹಾಗೆ ಹಿಂದಕ್ಕೆ ಒದೆಯುತ್ತದೆ, ಅದನ್ನು ಒತ್ತಿ ಹಿಡಿದ ಕೈ ಮುಂದಕ್ಕೆ ಜಾರುತ್ತದೆ. ಮುಂದೆ ಇರುವುದು ಬ್ಲೇಡು. ನಾನು ಮೊಳೆ ಕಿತ್ತ ಹಲಗೆಯನ್ನು ಕೊಯ್ಯುವವನು ನನ್ನ ಮಗ. ನನಗೆ ರಾತ್ರಿ ನಿದ್ದೆ ಹೇಗೆ ಬರುತ್ತಿತ್ತು ಅಂತ ನೀವೇ ಯೋಚಿಸಿ.

ಮೇಸ್ತ್ರಿಯ ಹೆಸರು ನನಗೆ ಗೊತ್ತು. ಇಲ್ಲಿ ಬರೆಯುವುದಿಲ್ಲ. ಅವರ ಕೆಲಸದ ಜಾಗದಲ್ಲಿ ಯಾರೂ ಯಾರ ಹೆಸರನ್ನೂ ಕೂಗುವ ಹಾಗಿರಲಿಲ್ಲ. ಬದುಕಿದ್ದಾಗ ಕೂಗದ ಹೆಸರನ್ನು ಈಗ ಕೂಗಿ ಏನು ಬಂತು.

ಸಣ್ಣ ಆಳು. ಕತ್ತು ಮುಂದಕ್ಕೆ ಚಾಚಿಕೊಂಡು, ಯಾರೋ ಬಾಗಿಲು ತಟ್ಟಿದರಾ ಅಂತ ಕಿವಿಗೊಟ್ಟವರ ಹಾಗೆ ಸದಾ ಇರುತ್ತಿದ್ದರು. ಯಾರನ್ನಾದರೂ ಹೊಸದಾಗಿ ಕಂಡರೆ ಮೊದಲು ಕೈ ನೋಡುತ್ತಿದ್ದರು, ಆಮೇಲೆ ಮುಖ. ನಮ್ಮ ಕೆಲಸದಲ್ಲಿ ಒಂದು ಮಾತಿದೆ, ಬೆರಳು ಕೊಡದವನು ಬಡಗಿಯೇ ಅಲ್ಲ ಅಂತ. ಬ್ಯಾಟರಾಯನಪುರದ ಮೂಲೆಯಲ್ಲಿ ಬೆಳಿಗ್ಗೆ ಕೂಲಿಗೆ ನಿಲ್ಲುವವರು ತುಂಡು ಬೆರಳನ್ನು ಮೇಲೆತ್ತಿ ತೋರಿಸುತ್ತಿದ್ದರು, ನೋಡಿ ನನಗೆಷ್ಟು ಅನುಭವ ಇದೆ ಅಂತ. ಕಂಟ್ರಾಕ್ಟರು ಅಂಥವರನ್ನೇ ಕರೆಯುತ್ತಿದ್ದ. ಮೇಸ್ತ್ರಿ ಮಾತ್ರ ಅವರನ್ನು ಒಂದೇ ಮಾತು ಕೇಳುತ್ತಿದ್ದರು: “ಈಗ ಎದ್ರಿಕೆ ಆಯ್ತದಾ?” ಇಲ್ಲ ಅಂದವನನ್ನು ಮೆಷಿನ್ ಹತ್ತಿರ ಬಿಡುತ್ತಿರಲಿಲ್ಲ. ಕಬ್ಬಿಣ ಹೊರಲು ಹಾಕುತ್ತಿದ್ದರು.

ಆ ಮೆಷಿನ್ನನ್ನು ನೋಡದವರಿಗೆ ಹೇಳುತ್ತೇನೆ. ಅದು ಕೈಯಲ್ಲಿ ಹಿಡಿದು ಮರ ಕೊಯ್ಯುವ ಮೆಷಿನ್ನು. ಆದರೆ ಸೈಟಿನಲ್ಲಿ ಯಾರೂ ಅದನ್ನು ಕೈಯಲ್ಲಿ ಹಿಡಿಯುವುದಿಲ್ಲ. ಹಳೆ ಹಲಗೆಗಳಿಂದ ಒಂದು ಮೇಜು ಹೊಡೆದು, ಮೆಷಿನ್ನನ್ನು ಮಗುಚಿ ಅದರ ಕೆಳಗೆ ಬಿಗಿದು, ಬ್ಲೇಡು ಮಾತ್ರ ಮೇಲೆ ಬರುವ ಹಾಗೆ ಸೀಳು ಬಿಡುತ್ತಾರೆ. ಬ್ಲೇಡಿಗೆ ಕಂಪನಿಯವರು ಕೊಟ್ಟ ಮುಚ್ಚಳ ಅಡ್ಡ ಬರುತ್ತದೆ ಅಂತ ಬಿಚ್ಚಿ ಎಸೆದಿರುತ್ತಾರೆ. ಒತ್ತಿ ಹಿಡಿಯಬೇಕಾದ ಸ್ವಿಚ್ಚನ್ನು ತಂತಿಯಿಂದ ಒತ್ತಿಯೇ ಕಟ್ಟಿರುತ್ತಾರೆ. ಪ್ಲಗ್ ಹಾಕಿದರೆ ತಿರುಗಿತು, ತೆಗೆದರೆ ನಿಂತಿತು. ತಿರುಗುವಾಗ ಹಲ್ಲು ಕಾಣುವುದಿಲ್ಲ, ಬೂದು ಬಣ್ಣದ ಹೊಗೆಯ ಹಾಗೆ ಏನೋ ಒಂದು ನಿಂತಿರುತ್ತದೆ. ಅಷ್ಟೇ. ನೋಡಿದರೆ ಭಯವೇ ಆಗುವುದಿಲ್ಲ. ಭಯ ಆಗದೆ ಇರುವುದೇ ಅದರ ಮೋಸ ಅನ್ನುತ್ತಿದ್ದರು ಮೇಸ್ತ್ರಿ.

ಅವರು ಆ ಬ್ಲೇಡಿಗೆ ಮರದ್ದೇ ಒಂದು ಗೂಡು ಮಾಡಿದ್ದರು. ಹಲಗೆ ತಳ್ಳಲು ತುದಿಯಲ್ಲಿ ಕಚ್ಚು ಇರುವ ಒಂದು ಕೋಲು ಮಾಡಿ, ಕೊನೆಗೆ ಕೈಯ ಬದಲು ಅದರಲ್ಲೇ ತಳ್ಳಬೇಕು ಅಂತ ಕಟ್ಟಳೆ ಹಾಕಿದ್ದರು. ಟೀಗೆ ಹೋಗುವಾಗ ಪ್ಲಗ್ ತೆಗೆದರೆ ಸಾಲದು ಅಂತ ಗೋಡೆಗೂ ಮೆಷಿನ್ನಿಗೂ ನಡುವಿನ ಉದ್ದದ ವೈರನ್ನೇ ಬಿಚ್ಚಿ ಕತ್ತಿಗೆ ಹಾಕಿಕೊಂಡು ಹೋಗುತ್ತಿದ್ದರು. ಟೀ ಅಂಗಡಿಯಲ್ಲಿ ಗ್ಯಾಂಗಿನವರು ಕತ್ತಿನ ವೈರು ನೋಡಿ ಡಾಕ್ಟ್ರು ಬಂದರು, ಜಾಗ ಬಿಡಿ ಅನ್ನುತ್ತಿದ್ದರು. ಪುಕ್ಕಲ ಮೇಸ್ತ್ರಿ ಅನ್ನುತ್ತಿದ್ದರು. ಅವರ ಮುಂದೆಯೇ ಅನ್ನುತ್ತಿದ್ದರು, ಅವರು ಹೌದಪ್ಪ ಅಂತ ಟೀ ಊದಿಕೊಂಡು ಕುಡಿಯುತ್ತಿದ್ದರು. ನನ್ನ ಮಗನೂ ಅಂದವನೇ.

ಆಯುಧಪೂಜೆಗೆ ಎಲ್ಲರೂ ಮೆಷಿನ್ನಿಗೆ ಹೂವು ಹಾಕಿ, ನಿಂಬೆಹಣ್ಣು ಇಟ್ಟು, ಬ್ಲೇಡಿಗೆ ಕುಂಕುಮ ಹಚ್ಚುತ್ತಿದ್ದರು. ಮೇಸ್ತ್ರಿ ವೈರನ್ನು ತಟ್ಟೆಯಲ್ಲಿ ಸುರುಳಿ ಸುತ್ತಿಟ್ಟು ಪ್ಲಗ್ಗಿಗೆ ಕುಂಕುಮ ಇಡುತ್ತಿದ್ದರು. ಯಾಕೆ ಅಂದರೆ, ಅದಕ್ಕೆ ಮೊದಲೇ ಸೊಕ್ಕು, ಪೂಜೆ ಬೇರೆ ಮಾಡಿ ತಲೆ ಮೇಲೆ ಕೂರಿಸಿಕೊಳ್ಳಬೇಕಾ ಅಂತ.

ನಾನು ಮೊಳೆ ಕಿತ್ತು ಜೋಡಿಸಿದ ಹಲಗೆಯನ್ನು ಅವರು ಇನ್ನೊಂದು ಸಲ ಅಂಗೈಯಿಂದ ಸವರುತ್ತಿದ್ದರು, ಹಸುವಿನ ಮೈ ಸವರಿದ ಹಾಗೆ, ನಿಧಾನವಾಗಿ. ಮೊದಮೊದಲು ನನಗೆ ಬೇಜಾರಾಗುತ್ತಿತ್ತು, ನನ್ನ ಮೇಲೆ ನಂಬಿಕೆ ಇಲ್ಲ ಅಂತ. ಆಮೇಲೆ ಅವರು ಸವರದೆ ಬಿಟ್ಟ ದಿನ ನಾನೇ ಹೋಗಿ ಕೇಳುತ್ತಿದ್ದೆ, ಮೇಸ್ತ್ರಿ, ಇದನ್ನು ನೋಡಿದ್ರಾ ಅಂತ. ಭಯಪಡುವವರು ಒಬ್ಬರಿಗಿಂತ ಇಬ್ಬರಿದ್ದರೆ ಸ್ವಲ್ಪ ಹಗುರ.

ಇನ್ನು ಅವರ ದೊಡ್ಡ ಕಟ್ಟಳೆಗೆ ಬರುತ್ತೇನೆ. ಮನೆಯಿಂದ ಹೊರಟವರನ್ನು ಹಿಂದಿನಿಂದ ಕರೆಯಬಾರದು ಅಂತ ನಮ್ಮಲ್ಲಿ ಹೇಳುತ್ತಾರಲ್ಲ, ಹೋದ ಕೆಲಸ ಕೆಡುತ್ತದೆ ಅಂತ. ಮೇಸ್ತ್ರಿ ಅದನ್ನು ಮೆಷಿನ್ನಿಗೆ ತಂದಿದ್ದರು. ಮೆಷಿನ್ ಮುಂದೆ ನಿಂತವನನ್ನು ಹಿಂದಿನಿಂದ ಕರೆಯಬಾರದು. ಪಕ್ಕದಿಂದಲೂ ಕರೆಯಬಾರದು. ಹೆಸರಂತೂ ಹಿಡಿಯಲೇಬಾರದು. ಹೆಸರು ಕೇಳಿದರೆ ಮನುಷ್ಯ ತಿರುಗದೆ ಇರಲಾರ. ತಿರುಗಿದರೆ ತಲೆ ಒಂದು ಕಡೆ, ಕೈ ಒಂದು ಕಡೆ. ಏನೇ ಹೇಳುವುದಿದ್ದರೂ ಸುತ್ತು ಹಾಕಿ ಎದುರಿಗೆ ಹೋಗಿ ನಿಲ್ಲಬೇಕು. ಅವನ ಕಣ್ಣಿಗೆ ನಿನ್ನ ಕಾಲು ಬೀಳಬೇಕು. ಅವನು ಹಿಡಿದ ಹಲಗೆ ಮುಗಿಸುತ್ತಾನೆ, ಪ್ಲಗ್ ತೆಗೆಸುತ್ತಾನೆ, ಬ್ಲೇಡಿನ ಹಲ್ಲು ಕಾಣುವವರೆಗೆ ಕಾಯುತ್ತಾನೆ. ಆಮೇಲೆ ಮಾತು. ಕಂಟ್ರಾಕ್ಟರು ರೇಗುತ್ತಿದ್ದ, ಈ ಸೈಟಿನಲ್ಲಿ ಮಾತಾಡುವುದಕ್ಕೂ ಪಂಚಾಂಗ ನೋಡಬೇಕು ಅಂತ. ಆದರೂ ಎದುರಿಗೆ ಬಂದು ಕೈ ಕಟ್ಟಿಕೊಂಡು ನಿಲ್ಲುತ್ತಿದ್ದ.

ಮನೆಯಲ್ಲೂ ಅವರದ್ದು ಇದೇ. ಒಂದು ಸಲ ಅವರ ಹೆಂಡತಿ ನನ್ನ ಹತ್ತಿರ ಹೇಳಿಕೊಂಡಿದ್ದಳು. “ನಾನು ಸೊಪ್ ಎಚ್ಚೋವಾಗ ಈವಯ್ಯ ಮಾತಾಡಕ್ಕಿಲ್ಲ ಕಣಕ್ಕ. ಎದ್ರಿಗ್ ಬಂದು ನಿಂತ್ಕೊತಾರೆ, ದೆವ್ವ ನಿಂತಂಗೆ. ಏನ್ರೀ ಅಂದ್ರೆ, ಈಳಿಗೆಮಣೆ ಮಡಿಸು ಯೋಳ್ತೀನಿ ಅಂತಾರೆ. ಮಡಿಸಿದ್ ಮೇಲೆ ಕೇಳೋದೇನು, ಉಪ್ಪಿನಕಾಯಿ ಐತಾ ಅಂತ.”

ಅವರಿಗೆ ಈ ಭಯ ಎಲ್ಲಿಂದ ಬಂತು ಅಂತ ಗ್ಯಾಂಗಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ನನಗೆ ಗೊತ್ತಾದದ್ದು ಕೃಷ್ಣಪ್ಪ ಬಂದ ದಿನ. ಕೃಷ್ಣಪ್ಪ ಗಂಗಾನಗರದ ಒಂದು ಅಪಾರ್ಟ್‌ಮೆಂಟಿನಲ್ಲಿ ಗೇಟು ಕಾಯುತ್ತಿದ್ದ. ಆಗೀಗ ಮೇಸ್ತ್ರಿಯನ್ನು ನೋಡಲು ಬರುತ್ತಿದ್ದ. ಅವನು ಬಂದರೆ ಮೇಸ್ತ್ರಿ ತಾವು ಕೂತಿದ್ದ ಸಿಮೆಂಟ್ ಮೂಟೆಯನ್ನು ಒರೆಸಿ ಅವನಿಗೆ ಬಿಡುತ್ತಿದ್ದರು, ತಾವು ನಿಂತಿರುತ್ತಿದ್ದರು. ಎಡಗೈಯಲ್ಲಿ ಅವನಿಗೆ ಹೆಬ್ಬೆರಳು, ಕಿರುಬೆರಳು ಮಾತ್ರ. ನಡುವೆ ಇದ್ದವು ಹೋಗಿ ಅಂಗೈ ಕಪ್ಪೆಯ ಬಾಯಿಯ ಹಾಗೆ ಕಾಣುತ್ತಿತ್ತು. ಅಂಗಿಯ ಗುಂಡಿಯನ್ನು ಬಲಗೈ ಒಂದರಲ್ಲೇ ಹಾಕಿಕೊಳ್ಳುವುದನ್ನು ಕಲಿತಿದ್ದ. ಪಂಚೆ ಉಡುವುದು ಮಾತ್ರ ಬರಲಿಲ್ಲ, ಪ್ಯಾಂಟಿಗೆ ಇಳಿದೆ ಅನ್ನುತ್ತಿದ್ದ.

ಆ ದಿನ ನಾನು ಬಾಯಿ ತಡೆಯದೆ ಕೇಳಿದೆ, ಹೇಗಾಯಿತಪ್ಪ ಅಂತ. ಕೃಷ್ಣಪ್ಪ ನಕ್ಕ. “ಮೇಸ್ತ್ರಿ ಕರದ್ರಮ್ಮ, ಟೀ ಬಂತು ಬಾರೋ ಕಿಟ್ಟಾ ಅಂತ. ಕಿಟ್ಟಾ ಅಂದಿದ್ಕೆ ಮೂರೇ ಬೆಳ್ಳು ಕೊಟ್ಟೆ. ಕೃಷ್ಣಪ್ಪಾ ಅಂತ ಪೂರ್ತಿ ಕರ್ದಿದ್ರೆ ಕೈನೇ ಕೊಡ್ತಿದ್ದೆ.”

ನಾನು ನಗಬೇಕೋ ಬೇಡವೋ ಗೊತ್ತಾಗದೆ ಮೇಸ್ತ್ರಿಯ ಕಡೆ ನೋಡಿದೆ. ಅವರು ಟೀ ಲೋಟವನ್ನು ಎರಡು ಕೈಯಲ್ಲಿ ಹಿಡಿದು ಕೃಷ್ಣಪ್ಪನ ಎದುರಿಗೆ ಬಂದು ನಿಂತಿದ್ದರು. ಅವನು ಕಣ್ಣೆತ್ತಿ ನೋಡುವವರೆಗೆ ಕಾದು ಕೊಟ್ಟರು.

ಅವನು ಹೋದ ಮೇಲೆ ಉಳಿದದ್ದನ್ನು ಮೇಸ್ತ್ರಿಯೇ ಹೇಳಿದರು. ಯಶವಂತಪುರದ ಕಡೆಯ ಸೈಟು. ಆಗ ಅವರೂ ಎಲ್ಲರ ಹಾಗೆ, ಬ್ಲೇಡಿನ ಪಕ್ಕದಲ್ಲಿ ಬೀಡಿ ಸೇದಿಕೊಂಡು ಮಾತಾಡುವವರು. ಕರೆದರು, ಅವನು ತಿರುಗಿದ, ಮೆಷಿನ್ನಿನ ಸದ್ದು ಒಂದು ಕ್ಷಣ ಮಾತ್ರ ಬೇರೆ ಆಯಿತು. ಕೃಷ್ಣಪ್ಪ ಕೂಗಲೂ ಇಲ್ಲ. ತನ್ನ ಕೈಯನ್ನು ಬೇರೆ ಯಾರದೋ ಕೈ ಅನ್ನುವ ಹಾಗೆ ನೋಡುತ್ತಾ ನಿಂತಿದ್ದನಂತೆ. ಅರಿಸಿನ ತರುವುದಕ್ಕೆ ಒಬ್ಬ ಓಡಿದ, ಇನ್ನೊಬ್ಬ ಜ್ಯೂಸ್ ಅಂಗಡಿಗೆ ಓಡಿ ಐಸು ತಂದ. ಮರದ ಹೊಟ್ಟಿನಲ್ಲಿ ಬಿದ್ದಿದ್ದ ಬೆರಳುಗಳನ್ನು ಹೆಕ್ಕಿ ಐಸಿನೊಳಗೇ ಹೂತು ಆಟೋದಲ್ಲಿ ತೆಗೆದುಕೊಂಡು ಹೋದರು. ಆಸ್ಪತ್ರೆಯವರು ಬೈದರಂತೆ. ಬೆರಳನ್ನು ಶುದ್ಧವಾದ ಬಟ್ಟೆಯಲ್ಲಿ ಸುತ್ತಿ, ಕವರಿಗೆ ಹಾಕಿ, ಆ ಕವರನ್ನು ಐಸಿನ ಮೇಲೆ ಇಡಬೇಕಿತ್ತು. ಐಸಿಗೇ ಹಾಕಿ ಸುಟ್ಟುಬಿಟ್ಟಿದ್ದೀರಿ, ಇನ್ನು ಕೂಡುವುದಿಲ್ಲ ಅಂತ.

“ಐಸೂ ಸುಡ್ತದೆ ಅಂತ ನಂಗೇನ್ ಗೊತ್ತಮ್ಮ” ಅಂದರು ಮೇಸ್ತ್ರಿ.

ಅವರ ಊಟದ ಚೀಲದಲ್ಲಿ ಮುದ್ದೆ ಡಬ್ಬಿಯ ಪಕ್ಕ ಒಗೆದು ಮಡಿಸಿದ ಬಿಳಿ ಬಟ್ಟೆಯ ತುಂಡು, ಒಂದು ಹೊಸ ಪ್ಲಾಸ್ಟಿಕ್ ಕವರು ಇರುವುದನ್ನು ನಾನು ಮುಂಚೆಯೇ ನೋಡಿದ್ದೆ. ದೇವರ ಪ್ರಸಾದ ಕಟ್ಟಲು ಇಟ್ಟುಕೊಂಡಿದ್ದಾರೆ ಅಂದುಕೊಂಡಿದ್ದೆ. ಯಾತಕ್ಕೆ ಅಂತ ಆ ದಿನ ಹೊಳೆಯಿತು. ಅವರು ಬೆಳಿಗ್ಗೆ ಮನೆ ಬಿಡುವಾಗ ಅನ್ನದ ಜೊತೆ ಅದನ್ನೂ ಕಟ್ಟಿಕೊಂಡು ಬರುತ್ತಿದ್ದರು. ಯಾರ ಬೆರಳಿಗೆ ಅಂತ ಗೊತ್ತಿಲ್ಲದೆ. ಅವತ್ತಿನಿಂದ ಸಾಯಂಕಾಲ ಮಂಜ ತೊಟ್ಟಿಯಲ್ಲಿ ಕೈ ತೊಳೆಯುವಾಗ ನಾನು ಪಕ್ಕದಲ್ಲೇ ನಿಂತು ನೋಡುತ್ತಿದ್ದೆ. ಸೋಪು ಬೇಕಾ ಅಂತ ಕೇಳುವ ನೆಪ.

ಮಂಜನಿಗೆ ಭಯ ಇರಲಿಲ್ಲ. ಅದೇ ನನ್ನ ಸಂಕಟ. ಅವನ ಕೈ ಚುರುಕು, ಅದು ಎಲ್ಲರಿಗೂ ಗೊತ್ತಿತ್ತು, ಅವನಿಗೆ ಎಲ್ಲರಿಗಿಂತ ಹೆಚ್ಚು ಗೊತ್ತಿತ್ತು. ಒಂದು ಮಧ್ಯಾಹ್ನ ಅವನು ಕೊಯ್ಯುತ್ತಿದ್ದಾಗ ಕರೆಂಟ್ ಹೋಯಿತು. ಸದ್ದು ಇಳಿಯಿತು. ಸಿಕ್ಕಿಕೊಂಡ ಚೂರನ್ನು ಕೀಳಲು ಅವನು ಕೈ ಚಾಚಿದ. ಎಲ್ಲಿದ್ದರೋ ಮೇಸ್ತ್ರಿ, ಆ ತಳ್ಳುವ ಕೋಲಿನಿಂದ ಅವನ ಮಣಿಕಟ್ಟಿಗೆ ಬಾರಿಸಿದರು. ಪಟ್ ಅಂತ ಸದ್ದಾಯಿತು, ಇಡೀ ಗ್ಯಾಂಗು ತಿರುಗಿ ನೋಡಿತು. ಮದುವೆಯಾದ ಗಂಡಸು, ನನ್ನ ಮಗ, ಮುಖ ಕೆಂಪಗಾಗಿ “ಯಾಕ್ ಮೇಸ್ತ್ರಿ, ನಾಯಿಗೆ ಹೊಡ್ದಂಗೆ” ಅಂದ. ಅವನು ಮಾತು ಮುಗಿಸುವ ಮೊದಲು ಕರೆಂಟ್ ಬಂತು. ಅವನ ಕೈ ಎಲ್ಲಿರಬೇಕಿತ್ತೋ ಅಲ್ಲಿ ಬ್ಲೇಡು ಎದ್ದು ಕಿರುಚಿತು.

ಮೇಸ್ತ್ರಿ ಹೋಗಿ ಪ್ಲಗ್ ತೆಗೆದರು. “ಕೊಯ್ಯೋವಾಗ ಬೆಳ್ಳು ಓಗೋದು ಕಮ್ಮಿ ಕಣಪ್ಪ. ನಿಂತೈತೆ ಅಂದ್ಕೊತೀಯಲ್ಲ, ಆವಾಗ್ಲೇ ಓಗೋದು” ಅಂದರು. ಆಮೇಲೆ ಮಂಜನ ಮಣಿಕಟ್ಟನ್ನು ತಾವೇ ತಿಕ್ಕಿದರು. ಆ ಸಾಯಂಕಾಲ ಮನೆಯಲ್ಲಿ ಮಂಜ ಊಟ ಮಾಡುತ್ತಾ ಮಾಡುತ್ತಾ ಕೈಯನ್ನು ಹಾಗೇ ನೋಡಿಕೊಂಡು ಕೂತುಬಿಟ್ಟ. ನನಗೆ ಖುಷಿಯಾಯಿತು ಅಂದರೆ ನಂಬುತ್ತೀರಾ? ಮಗನಿಗೆ ಕೊನೆಗೂ ಹೆದರಿಕೆ ಆಯಿತಲ್ಲ ಅಂತ.

ಇನ್ನು ನನ್ನ ಮೊಮ್ಮಗಳು ಹುಟ್ಟಿದ ದಿನ.

ಸೊಸೆಗೆ ಬೆಳಗಿನ ಜಾವ ನೋವು ಬಂತು. ಯಲಹಂಕದ ಆಸ್ಪತ್ರೆಗೆ ಸೇರಿಸಿದೆವು. ಚೊಚ್ಚಲು, ಸಂಜೆಯಾಗುತ್ತದೆ ಅಂದರು. ಅವಳ ತಾಯಿ ಜೊತೆಗಿದ್ದಳು, ನೀವಿಲ್ಲಿ ನಿಂತು ಏನು ಮಾಡುತ್ತೀರಿ, ಮಧ್ಯಾಹ್ನ ಬನ್ನಿ ಅಂತ ನಮ್ಮಿಬ್ಬರನ್ನೂ ಕಳಿಸಿದಳು. ಮರುದಿನ ನಮ್ಮ ಸೈಟಿನಲ್ಲಿ ಮೂರನೇ ಅಂತಸ್ತಿನ ಮೋಲ್ಡು. ಮೇಸ್ತ್ರಿ ಮಂಜನನ್ನು ಕಂಡ ಕೂಡಲೇ ಇವತ್ತು ನೀನು ಮೆಷಿನ್ ಮುಟ್ಟಬೇಡ, ಮನೆಗೆ ಹೋಗು ಅಂದರು. ಮನಸ್ಸು ಆಸ್ಪತ್ರೆಯಲ್ಲಿರುವವನ ಕೈ ಇಲ್ಲಿ ಇರಬಾರದು ಅಂದರು. ಮಂಜ ಕೇಳಲಿಲ್ಲ. ಸುಮ್ಮನೆ ಕೂತರೆ ತಲೆ ಕೆಡುತ್ತದೆ ಮೇಸ್ತ್ರಿ, ಆ ತೊಲೆಯ ಹಲಗೆಗಳನ್ನು ಕೊಯ್ದುಕೊಟ್ಟು ಹೋಗಿಬಿಡುತ್ತೇನೆ ಅಂತ ಗೋಗರೆದ. ಬೇರೆ ದಿನವಾಗಿದ್ದರೆ ಬಿಡುತ್ತಿರಲಿಲ್ಲವೋ ಏನೋ. ಬಿಟ್ಟರು. ಬಿಟ್ಟು, ತಾವೂ ಅದೇ ಅಂತಸ್ತಿನಲ್ಲಿ ಉಳಿದರು.

ನಾನು ಕೆಳಗೆ ಅಂಗಳದಲ್ಲಿ ಮೊಳೆ ಕೀಳುತ್ತಿದ್ದೆ. ಬಿಸಿಲೇರುವ ಹೊತ್ತಿಗೆ ಫೋನು ಬಂತು. ಬೀಗಿತ್ತಿ ಅಳುತ್ತಿದ್ದಾಳೋ ನಗುತ್ತಿದ್ದಾಳೋ ಮೊದಲು ತಿಳಿಯಲಿಲ್ಲ. ನಗುತ್ತಿದ್ದಳು. ಹೆಣ್ಣು ಮಗು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಹಿಂದೆಯೇ ಫೋಟೋ ಬಂತು. ತಲೆ ತುಂಬಾ ಕೂದಲು. ಮುಖ ಸಿಟ್ಟು ಮಾಡಿಕೊಂಡ ಸಣ್ಣ ಬದನೆಕಾಯಿಯ ಹಾಗೆ. ಅಯ್ಯೋ, ನಾನು ಅಲ್ಲೇ ಹಲಗೆಗಳ ಮೇಲೆ ಕುಕ್ಕರಿಸಿ ಅತ್ತೆ. ಹೆಂಗಸರೆಲ್ಲ ಓಡಿ ಬಂದರು. ಗಾರೆ ಕೆಲಸಕ್ಕೆ ರಾಯಚೂರು ಕಡೆಯಿಂದ ಅದೇ ವಾರ ಬಂದಿದ್ದ ರತ್ನ ಅನ್ನುವವಳು ನನ್ನ ಕೈಯಿಂದ ಫೋನು ಕಿತ್ತುಕೊಂಡಳು.

“ಮಂಜಣ್ಣಗ ನಾ ತೋರಸ್ತೀನ್ರಿ ಯಕ್ಕಾ. ಮೊದಲ ಹೇಳಿದವರಿಗೇ ಸಕ್ರಿ.”

ಅಂದವಳೇ ಮೆಟ್ಟಿಲು ಹತ್ತಿಬಿಟ್ಟಳು. ಮಗು ಹುಟ್ಟಿದ ಸುದ್ದಿಯನ್ನು ತಂದೆಗೆ ಮೊದಲು ಮುಟ್ಟಿಸಿದವರ ಬಾಯಿಗೆ ಸಕ್ಕರೆ ಹಾಕಬೇಕು, ಅದು ಎಲ್ಲ ಊರಿನಲ್ಲೂ ಇರುವುದೇ. ಅವಳ ಹಿಂದೆ ಇನ್ನಿಬ್ಬರು ಓಡಿದರು. ಮೊದಲನೇ ಅಂತಸ್ತಿನಲ್ಲಿ ಯಾರೋ ಏನಂತೆ ಅಂದರು, ಇವರು ಹೇಳಿದರು, ಅವರು ಮೇಲಿನವರಿಗೆ ಕೂಗಿದರು, ಮಂಜ ಅಪ್ಪ ಆದನಂತೆ ಅಂತ. ಸುದ್ದಿ ನನಗಿಂತ ಮುಂದೆ ಮೆಟ್ಟಿಲು ಹತ್ತುತ್ತಿತ್ತು. ಎಲ್ಲಕ್ಕಿಂತ ಮೇಲೆ ಆ ಮೆಷಿನ್ ಕಿರುಚುವುದು ಕೇಳುತ್ತಿತ್ತು.

ಆಗ ನನಗೆ ಹೊಳೆಯಿತು.

ಎದ್ದೆ. ಕಂಬಿ ಇಲ್ಲದ ಮೆಟ್ಟಿಲು, ಮೇಲೆಲ್ಲ ಮರಳು. ಹೇಗೆ ಹತ್ತಿದೆ ಅಂತ ನನಗೆ ಗೊತ್ತಿಲ್ಲ. ನಿಲ್ಲಿ ಅಂತ ಕೂಗೋಣ ಅಂದರೆ ನನ್ನ ದನಿಗೇ ಅವನು ತಿರುಗಿದರೆ? ಮಗನಿಗೆ ಅಮ್ಮನ ದನಿ ಎಷ್ಟು ದೂರದಿಂದಲೂ ಕೇಳುತ್ತದೆ. ಬಾಯಿ ಮುಚ್ಚಿಕೊಂಡು ಓಡಿದೆ. ನನ್ನ ಸಂತೋಷ ನನಗಿಂತ ಮುಂದೆ ಓಡಿ ನನ್ನ ಮಗನ ಕೈ ಕಡಿಯಲು ಹೋಗುತ್ತಿದೆ ಅನ್ನಿಸಿತು. ದೇವರೇ, ಮಗು ಕೊಟ್ಟೆ, ಆ ಮಗುವನ್ನು ಎತ್ತಿಕೊಳ್ಳುವ ಕೈ ಕಿತ್ತುಕೊಳ್ಳಬೇಡ ಅಂತ ಅಷ್ಟೇ ಬೇಡಿಕೊಂಡೆ.

ಕೊನೆಯ ಮೆಟ್ಟಿಲಲ್ಲಿ ರತ್ನ ಸಿಕ್ಕಿದಳು. ಅವಳು ಬಾಯಿ ತೆರೆದಿದ್ದಳು, ‘ಮಂಜ’ದ ಮೊದಲ ಅಕ್ಷರ ಆಗಲೇ ತುಟಿಯ ಮೇಲಿತ್ತು. ಹಿಂದಿನಿಂದ ಅವಳ ಸೆರಗು ಹಿಡಿದು ಎಳೆದು ಬಾಯಿಯ ಮೇಲೆ ಕೈ ಒತ್ತಿದೆ. ಪಾಪ, ಅವಳಿಗೆ ಏನೂ ಅರ್ಥವಾಗಲಿಲ್ಲ, ನನ್ನ ಅಂಗೈಯನ್ನು ಕಚ್ಚಿದಳು.

ಮಂಜ ನಮಗೆ ಬೆನ್ನು ಹಾಕಿ ನಿಂತಿದ್ದ. ಉದ್ದದ ಹಲಗೆ, ಇನ್ನೂ ಅರ್ಧ ಬಾಕಿ. ಎಡಗೈ ಹಲಗೆಯ ಮೇಲೆ ಚಪ್ಪಟೆಯಾಗಿ, ಬಲಗೈಯಲ್ಲಿ ಕೋಲು. ಕೆಳಗಿನಿಂದ ಗದ್ದಲ ಏರಿ ಬರುತ್ತಿತ್ತು. ಅವನ ಕತ್ತು ಒಂದು ಚೂರು ಓರೆಯಾಯಿತು, ಏನೋ ಕೇಳಿದವನ ಹಾಗೆ.

ಮೇಸ್ತ್ರಿ ಆ ತುದಿಯಲ್ಲಿ ಅಳತೆ ಹಿಡಿದಿದ್ದರು. ನನ್ನನ್ನು ನೋಡಿದರು, ನನ್ನ ಕೈ ರತ್ನಳ ಬಾಯಿಯ ಮೇಲಿರುವುದನ್ನು ನೋಡಿದರು. ಪ್ಲಗ್ ಅವರ ಪಕ್ಕದ ಗೋಡೆಯಲ್ಲೇ ಇತ್ತು. ಕಿತ್ತುಬಿಡುತ್ತಾರೆ ಅಂದುಕೊಂಡೆ. ಕೀಳಲಿಲ್ಲ. ಪ್ಲಗ್ ಕಿತ್ತರೆ ಸದ್ದು ಇಳಿಯುತ್ತದೆ, ಸದ್ದು ಇಳಿದರೆ ಅವನು ನಿಂತಿತು ಅಂದುಕೊಳ್ಳುತ್ತಾನೆ, ಇನ್ನೂ ತಿರುಗುತ್ತಿರುವ ಬ್ಲೇಡಿನ ಮುಂದೆ ಜನರ ಕಡೆ ತಿರುಗುತ್ತಾನೆ. ಅಳತೆ ಟೇಪನ್ನು ಕೆಳಗಿಟ್ಟರು. ಓಡಲಿಲ್ಲ. ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕುವವರ ಹಾಗೆ ನಿಧಾನವಾಗಿ ಸುತ್ತು ಹಾಕಿ ಮಂಜನ ಎದುರಿಗೆ ಬಂದು ನಿಂತರು.

ಮಂಜನ ಕಣ್ಣಿಗೆ ಅವರ ಕಾಲು ಬಿತ್ತು. ಅವನು ಕಣ್ಣೆತ್ತಿ ಅವರ ಮುಖ ನೋಡಿದ.

ಮೇಸ್ತ್ರಿ ನಕ್ಕರು.

ಅವರ ಮುಖದಲ್ಲಿ ರಕ್ತವೇ ಇರಲಿಲ್ಲ. ಕತ್ತಿನ ನರ ಹಗ್ಗದ ಹಾಗೆ ಎದ್ದಿತ್ತು. ಅವರ ಮುಖದ ಮೇಲೆ ಭಯ ಕಂಡಿದ್ದರೆ ಮಂಜ ಆ ಕ್ಷಣವೇ ಬೆಚ್ಚಿ ತಿರುಗಿಬಿಡುತ್ತಿದ್ದ. ಆದರೆ ಅಲ್ಲಿದ್ದದ್ದು ನಗು. ಟೀ ಬಂದಿದೆ, ಅವಸರವಿಲ್ಲ, ಮುಗಿಸಿ ಬಾ ಅನ್ನುವಂಥ ಸಾಧಾರಣ ನಗು. ಮಂಜ ಮತ್ತೆ ಹಲಗೆಯ ಕಡೆ ಕಣ್ಣು ಇಳಿಸಿದ. ತಳ್ಳಿದ.

ಆ ಹಲಗೆ ಮುಗಿಯಲೇ ಇಲ್ಲ. ಒಂದು ಗಂಟು ಸಿಕ್ಕಿ ಮೆಷಿನ್ನಿನ ದನಿ ಕುಗ್ಗಿತು, ಮತ್ತೆ ಏರಿತು. ನನ್ನ ಹಿಂದೆ ಮೆಟ್ಟಿಲ ತುಂಬಾ ಜನ ಬಂದು ನಿಂತಿದ್ದರು. ಗೊತ್ತಿದ್ದವರು ಗೊತ್ತಿಲ್ಲದವರ ಬಾಯಿ ಮುಚ್ಚಿದ್ದರು. ಮೇಸ್ತ್ರಿಯ ನಗು ಅಲುಗಲಿಲ್ಲ. ಮಂಜ ಎಡಗೈ ತೆಗೆದ. ಕೋಲಿನಿಂದ ಕೊನೆಯ ಗೇಣನ್ನು ತಳ್ಳಿದ. ಹಲಗೆ ಎರಡಾಗಿ ಬಿತ್ತು. ಮೇಸ್ತ್ರಿ ಕೈ ಮೇಲೆತ್ತಿದರು, ಗೋಡೆಯ ಹತ್ತಿರ ಇದ್ದವನು ಪ್ಲಗ್ ತೆಗೆದ. ಬೂದು ಹೊಗೆ ತೆಳುವಾಯಿತು, ಗೆರೆ ಗೆರೆಯಾಯಿತು, ಕೊನೆಗೆ ಒಂದೊಂದೇ ಹಲ್ಲು ಕಂಡಿತು.

“ಈಗ ಯೋಳಮ್ಮ” ಅಂದರು ಮೇಸ್ತ್ರಿ. “ಎಸ್ರು ಇಡ್ಕೊಂಡೇ ಕರಿ.”

ಅಷ್ಟರಲ್ಲಿ ಮಂಜ ತಾನೇ ತಿರುಗಿದ. ಮೆಟ್ಟಿಲ ತುಂಬಾ ಜನ, ಎಲ್ಲರ ಬಾಯಿಯ ಮೇಲೂ ಕೈ, ನಡುವೆ ಅಳುತ್ತಿರುವ ಅಮ್ಮ. ಅವನ ಮುಖ ಕಪ್ಪಿಟ್ಟಿತು.

“ಯಾರಿಗೇನಾಯ್ತು? ಅವಳು ಹೆಂಗಿದಾಳಮ್ಮ?”

“ಮಂಜಾ” ಅಂತ ಕೂಗಿದೆ. ಆ ಸೈಟಿನಲ್ಲಿ ನಾನು ಅವನ ಹೆಸರು ಕೂಗಿದ್ದು ಅದೇ ಮೊದಲು. “ಹೆಣ್ಣು ಕಣೋ. ನಿಂಗೆ ಹೆಣ್ಮಗು ಆಗೈತೆ ಕಣೋ.”

ಆಮೇಲೆ ಆದದ್ದು ಸಂತೆ. ರತ್ನ ಫೋನನ್ನು ಅವನ ಮೂಗಿಗೇ ಹಿಡಿದಳು, ಮೊದಲು ಮೆಟ್ಟಿಲು ಹತ್ತಿದವಳು ನಾನು, ಸಕ್ಕರೆ ನನಗೇ ಅಂತ ಜಗಳ ತೆಗೆದಳು. ಮಂಜ ಫೋಟೋ ನೋಡಿದ, ಹೊಟ್ಟು ಮೆತ್ತಿದ ಕೈಯಿಂದ ಕಣ್ಣು ಒರೆಸಿಕೊಂಡ, ಇನ್ನೂ ಜೋರಾಗಿ ಕಣ್ಣಲ್ಲಿ ನೀರು ಬಂತು. ನನ್ನ ಕಾಲು ಮುಟ್ಟಿದ. ಚಪ್ಪಲಿಯನ್ನೂ ಹಾಕಿಕೊಳ್ಳದೆ ಕೆಳಗೆ ಓಡಿದ. ಅವನನ್ನು ಬೈಕಿನಲ್ಲಿ ಬಿಡಲು ಒಬ್ಬ, ತಮಾಷೆ ಮಾಡಲು ಹತ್ತು ಜನ, ಎಲ್ಲರೂ ಗದ್ದಲ ಮಾಡಿಕೊಂಡು ಇಳಿದುಹೋದರು.

ನಾನೂ ಹೊರಟವಳು ಹಿಂದಕ್ಕೆ ನೋಡಿದೆ. ಮೇಸ್ತ್ರಿ ಅದೇ ಜಾಗದಲ್ಲಿ, ನಿಂತ ಬ್ಲೇಡಿನ ಎದುರಿಗೆ ನಿಂತೇ ಇದ್ದರು. ಆ ನಗುವೂ ಹಾಗೇ ಇತ್ತು. ತೆಗೆಯುವುದನ್ನು ಮರೆತಿದ್ದರು.

ಸುತ್ತು ಹಾಕಿ ಅವರ ಎದುರಿಗೆ ಹೋಗಿ ನಿಂತೆ. ಅವರ ಕಣ್ಣಿಗೆ ನಾನು ಬೀಳುವವರೆಗೆ ಕಾದೆ.

“ಮೇಸ್ತ್ರಿ, ನಿಂತೈತೆ. ಸಾಕು ಬಿಡಿ.”

ಮೋಲ್ಡಿನ ಕೆಳಗಿನ ಕಂಬ ತೆಗೆದ ಹಾಗೆ ಆ ಮುಖ ಒಮ್ಮೆಗೇ ಇಳಿಯಿತು. ಹಲಗೆಗಳ ಮೇಲೆ ಕೂತರು. ಎರಡೂ ಕೈಯನ್ನು ತೊಡೆಯ ಕೆಳಗೆ ಒತ್ತಿಕೊಂಡರು. ಆಮೇಲೆ ತಲೆಯೆತ್ತಿ ನನ್ನನ್ನು ಕೇಳಿದರು:

“ಏನಮ್ಮ ಅದು ಸುದ್ದಿ? ನಂಗ್ ಒಂದೂ ಕೇಳಿಸ್ಲಿಲ್ಲ.”